ಒಳಮೂಲೆಯಲ್ಲಿ ಬೀಸಣಿಗೆ ಆಕಾರದ ಮೆಟ್ಟಿಲು: ಸಾಲಿಡ್ ಬ್ಲಾಕ್, ಪೇವರ್‌ನಲ್ಲಿ ಆಗುತ್ತಾ?

ಅಂಗಳದ_ಮೂಲೆ (ಪುತ್ತೂರು ಕಡೆ)

ಜಗಲಿಯ ಬದಿ ಮತ್ತು ಅಡುಗೆಕೋಣೆ ಗೋಡೆ ಸೇರುವ ಒಳಮೂಲೆಯಿಂದ ಅಂಗಳಕ್ಕೆ ಇಳಿಯಲು ಮೆಟ್ಟಿಲು ಬೇಕು. ಜಗಲಿಯ ನೆಲ ಅಂಗಳಕ್ಕಿಂತ ಸರಿಯಾಗಿ 90 ಸೆಂ.ಮೀ. ಎತ್ತರದಲ್ಲಿದೆ. ಮೂಲೆಯಿಂದ ಎರಡೂ ಗೋಡೆಗುಂಟ ಒಂಬತ್ತೊಂಬತ್ತು ಅಡಿ ಜಾಗ ಸಿಗುತ್ತದೆ. ನೇರ ಮೆಟ್ಟಿಲು ಬೇಡ, ಮೂಲೆಯನ್ನೇ ಕೇಂದ್ರ ಮಾಡಿ ಕಾಲು ವೃತ್ತದಲ್ಲಿ ಹರಡಿಕೊಳ್ಳುವ ಮೆಟ್ಟಿಲು ಅಂತ ಆಲೋಚನೆ. ಏರಿಗೆ 6 ಇಂಚಿನ ಸಾಲಿಡ್ ಬ್ಲಾಕ್, ಕಾಲಿಡುವಲ್ಲಿ 60 ಎಂಎಂ ಪೇವರ್.

ಗೊತ್ತಾಗದ್ದು ಇಷ್ಟು: ಎಷ್ಟು ಮೆಟ್ಟಿಲು, ತ್ರಿಜ್ಯ ಎಷ್ಟು? ಚೌಕ ಬ್ಲಾಕನ್ನು ಬಾಗಿಸಿ ಕೂರಿಸುವುದು ಹೇಗೆ? ಜಾಗ ಸಮ ಮಾಡಿದಾಗ ಉಳಿದ ಕೆಂಪು ಮಣ್ಣು ರಾಶಿ ಇದೆ, ಒಳಗೆ ಅದನ್ನೇ ತುಂಬಬಹುದಾ? ಮೇಸ್ತ್ರಿ ಹೇಳುವುದು, "ಇದೆಲ್ಲ ತಲೆನೋವು, ಕಾಂಕ್ರೀಟ್ ಸುರಿದು ಟೈಲ್ಸ್ ಅಂಟಿಸುವ" ಅಂತ.

ಗಾರೆಕರಣೆ

ಮೊದಲು ಎತ್ತರದ ಲೆಕ್ಕ. 90ನ್ನು ಆರು ಏರು ಮಾಡಿದರೆ ತಲಾ 15 ಸೆಂ.ಮೀ. ಆದರೆ ಆರನ್ನೂ ಬೀಸಣಿಗೆಯಲ್ಲಿ ಹಾಕಬೇಡಿ. ಮೇಲಿನ ಕಾಲು ವೃತ್ತದ ತಟ್ಟನ್ನು ಜಗಲಿ ನೆಲಕ್ಕೆ ಸಮ ಮಾಡಿದರೆ ಮಣ್ಣು, ಜಲ್ಲಿ, ನೀರು ಎಲ್ಲ ನೆಲಗಟ್ಟಿನ ಡಿಪಿಸಿ (ತೇವ ಮೇಲೇರದ ಹಾಗೆ ಗೋಡೆಯಲ್ಲಿ ಹಾಕುವ ಪದರ) ಮಟ್ಟದವರೆಗೂ ಗೋಡೆಗೆ ಒರಗಿ ನಿಲ್ಲುತ್ತವೆ. ನಮ್ಮ ಕಡೆ ಒರಲೆಗೆ ಅದಕ್ಕಿಂತ ಒಳ್ಳೆಯ ಏಣಿ ಬೇರೆ ಇಲ್ಲ. ತಟ್ಟು ಜಗಲಿಗಿಂತ 15 ಸೆಂ.ಮೀ. ತಗ್ಗಿನಲ್ಲಿರಲಿ. ಆಗ ಬೀಸಣಿಗೆಗೆ ಐದು ಏರು, ಜಗಲಿಯ ಅಂಚೇ ಆರನೆಯದು.

ಮೆಟ್ಟಿಲ ಅಗಲ ನಿರ್ಧರಿಸುವುದು ಪೇವರ್, ನಮ್ಮ ಇಷ್ಟವಲ್ಲ. ಬ್ಲಾಕಿನ ದಪ್ಪ 150, ಅದರ ಹಿಂದೆ 200 ಎಂಎಂ ಪೇವರ್ ಪಟ್ಟಿ, ನಡುವೆ ಎರಡು ಸಂದಿ ತಲಾ 3 ಎಂಎಂ. ಒಟ್ಟು 356. ಇದಕ್ಕೆ ಸರಿಯಾಗಿ ಅಗಲ ಇಟ್ಟರೆ ಒಳಹೊರಗಿನ ಅಂಚಿನಲ್ಲಿ ಎಲ್ಲೂ ಚೂರು ತುಂಬಿಸುವ ಕೆಲಸ ಬರುವುದಿಲ್ಲ. ಎರಡು ಏರು ಮತ್ತು ಒಂದು ಅಗಲ ಕೂಡಿದರೆ 656 ಎಂಎಂ, ಹೊರಾಂಗಣಕ್ಕೆ ಕಾಲಿಗೆ ಹಿತವಾದ ಅಳತೆ.

ಮೇಲಿನ ತಟ್ಟಿನ ತ್ರಿಜ್ಯ 1.2 ಮೀಟರ್ ಇಟ್ಟರೆ ಕೆಳಗೆ ಕ್ರಮವಾಗಿ 1.556, 1.912, 2.268, 2.624. ಕೊನೆಯದು ಎಂಟಡಿ ಏಳು ಇಂಚು, ನಿಮ್ಮ ಒಂಬತ್ತಡಿಯೊಳಗೆ ಮುಗಿಯುತ್ತದೆ. ಐದೂ ಕಮಾನುಗಳಿಗೆ ಒಂದೇ ಕೇಂದ್ರ ಇರುವುದರಿಂದ ಅಗಲ ಎಲ್ಲ ಕಡೆ ಒಂದೇ. ಸುರುಳಿ ಮೆಟ್ಟಿಲಿನ ಹಾಗೆ ಒಳಬದಿ ಕಿರಿದಾಗುವುದಿಲ್ಲ. ಕೆಲವರು ಒಂದೇ ತ್ರಿಜ್ಯದ ಕಮಾನನ್ನು ಮುಂದೆ ಮುಂದೆ ಸರಿಸಿ ಹಾಕುತ್ತಾರೆ. ಹಾಗೆ ಮಾಡಿದರೆ ನಡುವೆ ಅಗಲ ಸರಿ ಇದ್ದು ಬದಿಗಳಲ್ಲಿ ಕಾಲು ಹಿಡಿಸದಷ್ಟು ಸಣ್ಣದಾಗುತ್ತದೆ.

ಐದು ಕಮಾನುಗಳ ಒಟ್ಟು ಉದ್ದ 15 ಮೀಟರ್. ಬ್ಲಾಕನ್ನು ಗೋಡೆಗೆ ಇಡುವ ಹಾಗೇ ನಿಲ್ಲಿಸಿ: 200 ಎತ್ತರ, 150 ದಪ್ಪ. 400 ಉದ್ದವನ್ನು ಎರಡು ತುಂಡು ಮಾಡಿ. ಇಡೀ ಬ್ಲಾಕ್ ಹಾಕಿದರೆ 1.2 ಮೀಟರ್ ತ್ರಿಜ್ಯದಲ್ಲಿ ಕಮಾನಿಗೂ ಬ್ಲಾಕಿನ ನೇರ ಮುಖಕ್ಕೂ ನಡುವೆ 17 ಎಂಎಂ ವ್ಯತ್ಯಾಸ ಬಂದು ಮೆಟ್ಟಿಲು ಮುರುಕು ಮುರುಕಾಗಿ ಕಾಣುತ್ತದೆ. ಅರ್ಧ ಬ್ಲಾಕಿಗೆ ಅದು 4 ಎಂಎಂ, ಕಣ್ಣಿಗೆ ಬೀಳುವುದಿಲ್ಲ. ಅರ್ಧ ತುಂಡು 74 ಬೇಕು, ಅಂದರೆ 37 ಬ್ಲಾಕ್. ಒಡೆಯುವುದು ಸೇರಿಸಿ 42 ತರಿಸಿ.

200 ಎತ್ತರ ಯಾಕೆ ಅಂದರೆ 150 ಹೊರಗೆ ಕಾಣುತ್ತದೆ, 50 ಕೆಳಗಿನ ಮೆಟ್ಟಿಲ ಪೇವರ್ ಮಟ್ಟದಿಂದ ಒಳಗೆ ಹೂತಿರುತ್ತದೆ. 150 ಎತ್ತರದ ಬ್ಲಾಕ್ ಇಟ್ಟು ಅದರ ಮೇಲೆ 60ರ ಪೇವರ್ ಮುಚ್ಚುವುದು ಎಲ್ಲರೂ ಮಾಡುವ ತಪ್ಪು. ಏರು 21 ಸೆಂ.ಮೀ. ಆಗಿ ಕೂತುಬಿಡುತ್ತದೆ, ಅಜ್ಜಿಯಂದಿರು ಆ ಕಡೆ ಬರುವುದನ್ನೇ ಬಿಡುತ್ತಾರೆ.

ಮಣ್ಣಿನ ಬಗ್ಗೆ: ಬೇಡ. ಮೇಲಿನ ನಾಲ್ಕು ಸಾಲೂ ನಿಲ್ಲುವುದು ಈ ತುಂಬುವಿಕೆಯ ಮೇಲೆಯೇ. ಸಡಿಲ ಮಾಡಿದ ಕೆಂಪು ಮಣ್ಣು ಮೊದಲ ಮಳೆಗಾಲದಲ್ಲಿ ಇಳಿಯುತ್ತದೆ, ಅದೂ ಒಂದೇ ಸಮನೆ ಇಳಿಯುವುದಿಲ್ಲ. ಗೋಡೆ ಬದಿ ಹೆಚ್ಚು, ಹೊರಗೆ ಕಡಿಮೆ. ಮೆಟ್ಟಿಲು ಹಿಂದಕ್ಕೆ ವಾಲಿ ನೀರು ಮೂಲೆಯಲ್ಲೇ ನಿಲ್ಲುತ್ತದೆ. ರಸ್ತೆಗೆ ಹಾಕುವ ವೆಟ್ ಮಿಕ್ಸ್ (ಜಲ್ಲಿ, ಜಲ್ಲಿಪುಡಿ, ನೀರು ಬೆರೆಸಿದ್ದು) ತರಿಸಿ. ಮೇಲ್ಮಣ್ಣು ತೆಗೆದು 20 ಸೆಂ.ಮೀ. ಅಗೆಯುವ ಲೆಕ್ಕ ಸೇರಿ, ತಟ್ಟಿ ಗಟ್ಟಿಯಾದ ಮೇಲೆ ಕುಗ್ಗುವುದನ್ನೂ ಹಿಡಿದು 120 ಘನ ಅಡಿ ಬೇಕಾಗುತ್ತದೆ. 10 ಸೆಂ.ಮೀ. ಒಂದು ಪದರ, ಸ್ವಲ್ಪ ನೀರು ಚಿಮುಕಿಸಿ ಪ್ಲೇಟ್ ಕಾಂಪ್ಯಾಕ್ಟರ್. ಬ್ಲಾಕಿನಿಂದ ಒಂದಡಿ ಒಳಗೆ ಮೆಷಿನ್ ತರಬೇಡಿ, ಅಲ್ಲಿ ಕೈ ದಮ್ಮಸ್ಸು. ಮೆಷಿನ್ ತಾಗಿದರೆ ಸಾಲು ಹೊರಗೆ ತಳ್ಳಿಕೊಳ್ಳುತ್ತದೆ.

ಬ್ಲಾಕ್ ಸಾಲಿನ ಅಡಿ 10 ಸೆಂ.ಮೀ. ದಪ್ಪ, 30 ಅಗಲದ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್, ಬ್ಲಾಕಿನ ಹಿಂಬದಿಗೆ ಆಸರೆಯಾಗಿ ಅದೇ ಕಾಂಕ್ರೀಟಿನ ಇಳಿಜಾರಾದ ಒತ್ತು. ಆ ಒತ್ತು ಬ್ಲಾಕಿನ ತಲೆಗಿಂತ 90 ಎಂಎಂ ಕೆಳಗೇ ನಿಲ್ಲಬೇಕು, ಇಲ್ಲದಿದ್ದರೆ 60ರ ಪೇವರ್ ಮತ್ತು 30ರ ಮರಳಿಗೆ ಜಾಗ ಸಾಲುವುದಿಲ್ಲ. ಒಟ್ಟು ಅರ್ಧ ಘನ ಮೀಟರ್ ಚಿಲ್ಲರೆ, ನಾಲ್ಕು ಚೀಲ ಸಿಮೆಂಟ್ ಸಾಕು. ಒಂದು ಸಾಲು ಇಟ್ಟು ಮೂರು ದಿನ ಬಿಟ್ಟು ಹಿಂದೆ ತುಂಬಿ.

ರೀಪುಪಟ್ಟಿ

ಲೆಕ್ಕ ಸರಿ. ಗೆರೆ ಹಾಕುವಾಗ ಎಡವುವವರು ಹೆಚ್ಚು, ಹಾಗಾಗಿ ಅದನ್ನು ಸೇರಿಸುತ್ತೇನೆ.

ಮೊಳೆ ಹೊಡೆದು ಹಗ್ಗ ಎಳೆದು ಕಮಾನು ಗೀಚುವುದು ಮೊದಲ ಸಾಲಿಗೆ ಮಾತ್ರ ನಡೆಯುತ್ತದೆ. ಹಗ್ಗ ಎಳೆದಷ್ಟು ಉದ್ದವಾಗುತ್ತದೆ, ಎರಡನೇ ಪದರ ತುಂಬುವಾಗ ಮೊಳೆ ಮಣ್ಣಿನಡಿ ಹೋಗಿರುತ್ತದೆ. ಅದರ ಬದಲು ಮೂಲೆಯಲ್ಲಿ ಅರ್ಧ ಇಂಚಿನ ಜಿಐ ಪೈಪ್ ಒಂದನ್ನು ತೂಗುಗುಂಡು ಹಿಡಿದು ನೆಟ್ಟಗೆ ಕ್ಲಾಂಪ್ ಮಾಡಿ, ಅಂಗಳದಿಂದ ಜಗಲಿ ಮಟ್ಟದವರೆಗೆ. ಒಂದೂಕಾಲು ಇಂಚಿನ ಅಲ್ಯುಮಿನಿಯಂ ಚೌಕ ಪೈಪ್ ಅಥವಾ ನೇರವಾದ ರೀಪಿನ ತುದಿಗೆ ಆ ಪೈಪಿನಲ್ಲಿ ಸುತ್ತುವ ಹಾಗೆ ಒಂದು ಬಳೆ ಕೂರಿಸಿ. ರೀಪಿನ ಮೇಲೆ ಐದು ತ್ರಿಜ್ಯಗಳಿಗೂ ತೂತು ಕೊರೆದು ಮೊಳೆ ಸಿಕ್ಕಿಸಿದರೆ ಆಯಿತು. ಪದರ ಏರಿದ ಹಾಗೆ ಬಳೆಯನ್ನು ಮೇಲೆ ಸರಿಸಿ. ಅಳತೆ ಪೈಪಿನ ನಡುವಿನಿಂದ, ಗೋಡೆಯಿಂದಲ್ಲ. ರೀಪು ಮಟ್ಟವಾಗಿರಲಿ. 2.6 ಮೀಟರ್‌ಗೆ ಒಂದು ತುದಿ 30 ಸೆಂ.ಮೀ. ಬಾಗಿದರೆ ತ್ರಿಜ್ಯ 17 ಎಂಎಂ ಕಡಿಮೆಯಾಗುತ್ತದೆ.

ಇದಕ್ಕೂ ಮೊದಲು ಮೂಲೆ ನಿಜವಾಗಿ ಲಂಬಕೋನ ಹೌದೋ ನೋಡಿ: ಒಂದು ಗೋಡೆಯಲ್ಲಿ ಮೂರಡಿ, ಇನ್ನೊಂದರಲ್ಲಿ ನಾಲ್ಕಡಿ ಗುರುತಿಸಿ, ಎರಡು ಗುರುತಿನ ನಡುವೆ ಐದಡಿ ಬರಬೇಕು. ಬಾರದಿದ್ದರೂ ಚಿಂತೆ ಇಲ್ಲ, ಬ್ಲಾಕಿನ ಸಂಖ್ಯೆ ಮಾತ್ರ ಬದಲಾಗುತ್ತದೆ.

ಈಗ ಬಾಗು. ಚೌಕ ತುಂಡುಗಳನ್ನು ಕಮಾನಿಗೆ ಇಟ್ಟರೆ ಹಿಂಬದಿ ಮೂಲೆಗಳು ತಾಗುತ್ತವೆ, ಮುಖದ ಕಡೆ ಸಂದಿ ಬಾಯಿ ಬಿಡುತ್ತದೆ. ಹಿಂದೆ ಎಷ್ಟು ಸವರಬೇಕು ಅಂದರೆ ಮುಖದ ಅಗಲ × ದಪ್ಪ ÷ ತ್ರಿಜ್ಯ. 1.2 ಮೀಟರ್ ಸಾಲಿಗೆ 200 × 150 ÷ 1200 = 25 ಎಂಎಂ, ಅಂದರೆ ಎರಡೂ ಬದಿ ಹಿಂದೆ ಹನ್ನೆರಡು ಹದಿಮೂರು ಎಂಎಂ. 2.624ರ ಸಾಲಿಗೆ ಬದಿಗೆ 6 ಎಂಎಂ. ಇಡೀ ಬದಿಯನ್ನು ಓರೆಯಾಗಿ ಕತ್ತರಿಸುವ ಶ್ರಮ ಬೇಕಿಲ್ಲ. ಮುಖದಿಂದ ಎರಡು ಇಂಚು ಬಿಟ್ಟು ಹಿಂದಿನದ್ದನ್ನು ಉಳಿಯಿಂದ ತಟ್ಟಿ ಉದುರಿಸಿದರೂ ಕೂರುತ್ತದೆ. ಹಿಂಬದಿ ಯಾರೂ ನೋಡುವುದಿಲ್ಲ, ಒರಟಾಗಿದ್ದಷ್ಟು ಕಾಂಕ್ರೀಟ್ ಚೆನ್ನಾಗಿ ಹಿಡಿಯುತ್ತದೆ.

ನಾಲ್ಕು ಇಂಚಿನ ಗ್ರೈಂಡರ್ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ ಅಷ್ಟೇ. ಬ್ಲಾಕಿನ ಸುತ್ತಲೂ 25 ಎಂಎಂ ಗೀರು ಹಾಕಿ, ಮರಳಿನ ಮೇಲಿಟ್ಟು ಅಗಲ ಉಳಿ ಸುತ್ತಿಗೆಯಿಂದ ಗೀರಿನುದ್ದಕ್ಕೂ ತಟ್ಟುತ್ತಾ ಬಂದರೆ ನೇರವಾಗಿ ಬಿಡುತ್ತದೆ. ದೊಡ್ಡ ಬ್ಲೇಡ್ ಹಿಡಿಸಲಿಕ್ಕೆ ಅಂತ ಗಾರ್ಡ್ ಬಿಚ್ಚುವವರಿದ್ದಾರೆ, ಬ್ಲೇಡ್ ಸಿಡಿದರೆ ಮುಖಕ್ಕೇ. ಒಣ ಕತ್ತರಿಸುವಾಗ ಬರುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕರವಸ್ತ್ರ ಕಟ್ಟಿದರೆ ಸಾಲದು, ಎನ್95 ಹಾಕಿ, ಬ್ಲಾಕನ್ನು ನೆನೆಸಿಟ್ಟು ಕತ್ತರಿಸಿ.

ಸೈಜುಕಲ್ಲು (ಬೆಂಗಳೂರು)

ಒಂದು ತಕರಾರು. ಗೋಡೆ ಕಟ್ಟುವ ಸಾಲಿಡ್ ಬ್ಲಾಕಿನ ಬಲ ಪ್ರತಿ ಚದರ ಎಂಎಂಗೆ 4–5 ನ್ಯೂಟನ್. ಅದರ ಹಿಂದೆ ಇಡುವ ಪೇವರ್ 35. ಅಂದರೆ ಎಲ್ಲಕ್ಕಿಂತ ಹೆಚ್ಚು ಏಟು ತಿನ್ನುವ ಮೂಗಿನಲ್ಲಿ (ಮೆಟ್ಟಿಲಿನ ಮುಂದಿನ ಅಂಚು) ಎಲ್ಲಕ್ಕಿಂತ ಮೆತ್ತಗಿನ ವಸ್ತು ಇಟ್ಟ ಹಾಗಾಯಿತು. ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಇಳಿಸಿದರೆ ಅಂಚು ಉದುರುತ್ತೆ. ಪೇವರ್ ಮಾಡುವವರ ಹತ್ತಿರವೇ ಕರ್ಬ್ (ರಸ್ತೆ ಅಂಚಿಗೆ ಇಡುವ ಕಾಂಕ್ರೀಟ್ ಕಲ್ಲು) ಸಿಗುತ್ತೆ, 150 ದಪ್ಪದ್ದು ಕೇಳಿ, ಉದ್ದ ಎಷ್ಟಿದ್ದರೂ 200ಕ್ಕೆ ತುಂಡರಿಸಿ. ಎತ್ತರ 300 ಇದ್ದರೆ ಹಾಸಿನ ಕಾಂಕ್ರೀಟನ್ನು 100 ಕೆಳಗಿಳಿಸಿದರೆ ಮುಗಿಯಿತು. ಇಲ್ಲದಿದ್ದರೆ ಕೈಯಲ್ಲಿ ಚಚ್ಚಿದ ಗ್ರಾನೈಟ್. ಇಲ್ಲಿ ಸಾದರಹಳ್ಳಿ ಕಲ್ಲು ಹಾಕುತ್ತಾರೆ, ನಿಮ್ಮ ಕಡೆ ಹತ್ತಿರದ ಕ್ವಾರಿಯ ಕಲ್ಲೇ ಆದೀತು. ಮುರಕಲ್ಲು ನೋಡೋಕೆ ಚಂದ, ಆದರೆ ಮೂಗಿಗೆ ಬೇಡ. ಅಂಚು ಸವೆದು ದುಂಡಗಾಗಿ ಮಳೆಯಲ್ಲಿ ಜಾರುತ್ತೆ.

ಪೇವರ್ ಖರೀದಿಸುವಾಗ ಐಎಸ್ 15658 (ಪೇವರಿನ ಭಾರತೀಯ ಮಾನಕ) ಪ್ರಕಾರ 60 ಎಂಎಂ, ಎಂ35 ಅಂತ ಬಿಲ್ಲಿನಲ್ಲೇ ಬರೆಸಿ. ನೀರು ಹೀರುವುದು ಸರಾಸರಿ 6% ಮೀರಬಾರದು. ಅಡುಗೆಮನೆ ತಕ್ಕಡಿಯಲ್ಲೇ ಅಂದಾಜು ನೋಡಬಹುದು: 200×100×60ರ ಪೇವರ್ ಸುಮಾರು 2.7 ಕೆ.ಜಿ. ಇರುತ್ತೆ. ನಾಲ್ಕು ದಿನ ಬಿಸಿಲಿಗಿಟ್ಟು ತೂಗಿ, 24 ಗಂಟೆ ಮುಳುಗಿಸಿ ಒರೆಸಿ ಮತ್ತೆ ತೂಗಿ. 160 ಗ್ರಾಂಗಿಂತ ಹೆಚ್ಚು ಏರಿದರೆ ಲೋಡ್ ವಾಪಸ್ ಕಳಿಸಿ. ಹೊಳಪಿನ ಮೇಲ್ಮೈಯ ರಬ್ಬರ್ ಮೋಲ್ಡ್ ಪೇವರ್ ಶೋರೂಮಿಗೆ ಸರಿ, ಮಳೆ ಬೀಳುವ ಮೆಟ್ಟಿಲಿಗೆ ಬೇಡ.

ಗಾರೆಕರಣೆ

ಒಪ್ಪಿದೆ, ಮೂಗಿಗೆ ಕರ್ಬ್ ಅಥವಾ ಗ್ರಾನೈಟೇ ಸರಿ. ನಾನು ಹೇಳಿದ ಅಳತೆಗಳು ಹಾಗೇ ನಿಲ್ಲುತ್ತವೆ.

ಪೇವರ್ ಲೆಕ್ಕ ಬಿಟ್ಟುಹೋಗಿತ್ತು. ನಾಲ್ಕು ಮೆಟ್ಟಿಲ ಪಟ್ಟಿ 2.4 ಚದರ ಮೀಟರ್, ಮೇಲಿನ ತಟ್ಟು 0.87. ಪಟ್ಟಿಗೆ 200×100 ಅನ್ನು ಕೇಂದ್ರದ ಕಡೆಗೆ ಉದ್ದವಾಗಿ ಇಟ್ಟರೆ ಮೇಲಿನ ಮೆಟ್ಟಿಲಲ್ಲಿ ಹೊರಸಂದಿ 16 ಎಂಎಂ ಬಾಯಿ ಬಿಡುತ್ತದೆ. ಅಷ್ಟಗಲದ ಸಂದಿಯಲ್ಲಿ ಮರಳು ನಿಲ್ಲುವುದಿಲ್ಲ. 100×100ರ ತುಂಡನ್ನು ಎರಡು ಸಾಲು ಇಡಿ. ಕೆಳಗಿನ ಎರಡು ಮೆಟ್ಟಿಲಲ್ಲಿ ಸಂದಿ 4–5 ಎಂಎಂ, ಕತ್ತರಿಸದೇ ಆಗುತ್ತದೆ. ಮೇಲಿನ ಎರಡರಲ್ಲಿ ಮಾತ್ರ ಒಳಬದಿಯನ್ನು ಎರಡು ಕಡೆ 2–3 ಎಂಎಂ ಗ್ರೈಂಡರ್‌ನಲ್ಲಿ ಉಜ್ಜಿ. 100×100 ಒಂದು 250, ತಟ್ಟಿಗೆ 200×100 ಒಂದು 55. ಗೋಡೆ ಬದಿಗೆ ತುಂಡು ಕೂರಿಸುವಾಗ ಮೂರನೇ ಒಂದು ಭಾಗಕ್ಕಿಂತ ಸಣ್ಣ ಚೂರು ಬಂದರೆ ಪಕ್ಕದ್ದನ್ನೂ ಸೇರಿಸಿ ಎರಡನ್ನೂ ಮಧ್ಯಮ ಗಾತ್ರಕ್ಕೆ ಕತ್ತರಿಸಿ, ಚೂರು ನಿಲ್ಲುವುದಿಲ್ಲ.

200 ಎಂಎಂ ಪಟ್ಟಿಯಲ್ಲಿ ಪ್ಲೇಟ್ ಕಾಂಪ್ಯಾಕ್ಟರ್ ಹಿಡಿಸುವುದಿಲ್ಲ. ಪೇವರನ್ನು ಬ್ಲಾಕಿಗಿಂತ 3 ಎಂಎಂ ಎತ್ತರಕ್ಕೆ ಕೂರಿಸಿ, ಹಲಗೆ ಇಟ್ಟು ರಬ್ಬರ್ ಸುತ್ತಿಗೆಯಿಂದ ಬಡಿದು ಸಮ ಮಾಡಿ. ಅಡಿಗೆ ಕಾಂಕ್ರೀಟ್ ಎಂ-ಸ್ಯಾಂಡ್, ಪ್ಲಾಸ್ಟರಿಂಗ್ ಪಿ-ಸ್ಯಾಂಡ್ ಬೇಡ. ನಯ ಮರಳು ನೀರು ಕುಡಿದು ಕೆಸರಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಹಿಂಬದಿಯ ಕಾಂಕ್ರೀಟ್ ಒತ್ತು ನೀರಿಗೆ ಕಟ್ಟೆ ಕಟ್ಟಿದ ಹಾಗೆ. ಸಂದಿಯಲ್ಲಿ ಇಳಿದ ನೀರಿಗೆ ಹೋಗಲು ದಾರಿ ಇಲ್ಲದಿದ್ದರೆ ಪೇವರ್ ಅಡಿ ಕೊಳ. ಪ್ರತಿ ಹೆಜ್ಜೆಗೂ ಆ ನೀರು ಮರಳನ್ನು ಹೊತ್ತು ಸಂದಿಯಿಂದ ಹೊರಗೆ ಚಿಮ್ಮುತ್ತದೆ. ಒಂದು ಮಳೆಗಾಲದಲ್ಲಿ ಪೇವರ್ ಗಡಗಡ. ಕಾಂಕ್ರೀಟ್ ಹಾಕುವಾಗಲೇ ಒತ್ತಿನ ತಲೆ ಮಟ್ಟದಲ್ಲಿ, ಅಂದರೆ ಹಾಸು ಮರಳಿನ ತಳಕ್ಕೆ ಸರಿಯಾಗಿ, ಪ್ರತಿ ಮೀಟರಿಗೊಂದು 20 ಎಂಎಂ ಪಿವಿಸಿ ತುಂಡನ್ನು ಬ್ಲಾಕ್ ಸಂದಿಯ ಮೂಲಕ ಹೊರಗೆ ಬಿಡಿ. ಒಳತುದಿಗೆ ಜಿಯೋಟೆಕ್ಸ್‌ಟೈಲ್ (ನೀರು ಸೋಸುವ ಬಟ್ಟೆ) ಚೂರು ಕಟ್ಟಿ, ಮರಳು ಹೋಗದ ಹಾಗೆ.

ಅಂಗಳದ_ಮೂಲೆ

ಇದು ಪೂರಾ ಬೇರೆಯೇ ಲೋಕ. ಒಂದು ಹೇಳಲು ಮರೆತಿದ್ದೆ, ಜಗಲಿ ಮಾಡು ಮತ್ತು ಅಡುಗೆಕೋಣೆ ಮಾಡು ಇದೇ ಮೂಲೆಯ ಮೇಲೆ ಸೇರುತ್ತವೆ. ಹಂಚಿನ ಮಾಡು, ದಂಬೆ (ಮಾಡಿನ ನೀರು ಹಿಡಿಯುವ ದೋಣಿ) ಇಲ್ಲ.

ಹಂಚಿನಮನೆ (ಸಾಗರ)

ಹಾಗಾದರೆ ಮೆಟ್ಟಿಲಿಗೆ ಮೊದಲು ದಂಬೆ. ಎರಡು ಮಾಡಿನ ನೀರು ಒಂದೇ ಧಾರೆಯಾಗಿ ನಿಮ್ಮ ತಟ್ಟಿನ ಮೇಲೆ ಬೀಳುತ್ತದೆ. ಮೂರೂವರೆ–ನಾಲ್ಕು ಸಾವಿರ ಎಂಎಂ ಮಳೆ ಬರುವ ಊರಲ್ಲಿ ಅದರಡಿ ಸಂದಿಯ ಮರಳು ಒಂದು ವಾರವೂ ಇರುವುದಿಲ್ಲ. ಮೂಲೆಗೆ ಕನಿಷ್ಠ ಆರಿಂಚಿನ ದಂಬೆ ಕೊಟ್ಟು ನಾಲ್ಕಿಂಚಿನ ಪೈಪಲ್ಲಿ ಕೆಳಗಿಳಿಸಿ. ಆ ಪೈಪನ್ನು ಮೆಟ್ಟಿಲ ಅಡಿಯಿಂದಲೇ ಹೊರಗೆ ಒಯ್ಯುವುದಾದರೆ ತುಂಬುವ ಮುಂಚೆ ಹಾಕಿ ನೀರು ಸುರಿದು ಪರೀಕ್ಷಿಸಿ, ಆಮೇಲೆ ಅಗೆಯಲು ಆಗುವುದಿಲ್ಲ. ದೀಪದ ವಯರಿಗೆ ಕಾಂಡ್ಯೂಟ್ ಕೂಡ ಅದೇ ಹೊತ್ತಿಗೆ.

ಗೋಡೆಗೆ ತುಂಬುವಿಕೆ ತಾಗುವಷ್ಟು ಎತ್ತರಕ್ಕೆ ಗಾರೆ ಮಾಡಿ ಎರಡು ಕೋಟು ವಾಟರ್‌ಪ್ರೂಫಿಂಗ್ ಹೊಡೆಯಿರಿ. ಪ್ರತಿ ಮೆಟ್ಟಿಲೂ ಹೊರಗಡೆಗೆ 5 ಎಂಎಂ ಇಳಿಜಾರು. ಇಳಿಜಾರು ಕೊಟ್ಟಾಗ ಏರನ್ನು ಮೂಗಿನಿಂದ ಮೂಗಿಗೆ ಅಳೆಯಿರಿ, 150. ಮೆಟ್ಟಿಲ ಹಿಂಬದಿಯಿಂದ ಅಳೆದರೆ 145 ಕಾಣುತ್ತದೆ, ಅದನ್ನು ತಪ್ಪು ಅಂದುಕೊಂಡು ಎತ್ತರಿಸುವವರಿದ್ದಾರೆ. ಟ್ಯೂಬ್ ಲೆವೆಲ್ ಹಿಡಿಯುವಾಗ ಪೈಪಿನೊಳಗೆ ಗುಳ್ಳೆ ಇಲ್ಲದ್ದನ್ನು ನೋಡಿ, ಒಂದು ಗುಳ್ಳೆ ಇಡೀ ಸಾಲನ್ನು ತಪ್ಪಿಸುತ್ತದೆ.

ಹಾವಸೆ ಹೇಗೂ ಬರುತ್ತದೆ. ಪ್ರೆಷರ್ ವಾಷರ್ ಹೊಡೆದರೆ ಹಾವಸೆಯ ಜತೆ ಸಂದಿ ಮರಳೂ ಹೋಗುತ್ತದೆ. ತೆಂಗಿನ ಕಡ್ಡಿಯ ಹಿಡಿಯಲ್ಲಿ (ಪೊರಕೆ) ತಿಕ್ಕಿ, ಬ್ಲೀಚಿಂಗ್ ಪೌಡರ್ ನೀರು ಹಾಕಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಮೊದಲ ವರ್ಷ ಸೆಪ್ಟೆಂಬರಿನಲ್ಲಿ ಒಮ್ಮೆ ಒಣ ಮರಳು ಮತ್ತೆ ಗುಡಿಸಿ ತುಂಬಿ. ಸಂದಿಗೆ ಸಿಮೆಂಟ್ ಹಾಲು ಸುರಿಯುವ ಚಾಳಿ ಬೇಡ. ಬಿರುಕು ಬಿಟ್ಟು ಕಲೆ ಉಳಿಯುತ್ತದೆ, ಮುಂದೆ ಒಂದು ಪೇವರ್ ಎತ್ತಬೇಕಾದರೂ ಒಡೆಯಬೇಕು.

ಎರೆನೆಲ (ಗದಗ)

ಇದನ್ನ ಓದಿ ನಮ್ಮ ಕಡೆಯವ್ರು ಹಂಗ ಮಾಡಾಕ ಹೋಗಬ್ಯಾಡ್ರಿ. ಎರೆ ಭೂಮಿ ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಉಬ್ಬತೈತಿ. 20 ಸೆಂ.ಮೀ. ಅಗದ್ರ ಏನೂ ಆಗಂಗಿಲ್ಲ. ಕಮ್ಮಿ ಅಂದ್ರ ಎರಡಡಿ ಎರೆ ತಗದು ಗರಸು ತುಂಬಿ ಆರಾರು ಇಂಚಿಗೆ ದಮ್ಮಸ್ಸ ಮಾಡ್ರಿ. ಉಸುಕು ತುಂಬಬ್ಯಾಡ್ರಿ. ಎರೆ ನಡುವ ಉಸುಕಿನ ತಗ್ಗು ಅಂದ್ರ ನೀರಿನ ತೊಟ್ಟಿ, ಸುತ್ತಲಿನ ಎರೆ ಅದನ್ನ ಕುಡದು ಇನ್ನಷ್ಟು ಉಬ್ಬತೈತಿ. ಮೆಟ್ಟಲಾ ಮನಿ ಗ್ವಾಡಿಗೆ ಸರಳು ಹಾಕಿ ಕಟ್ಟಬ್ಯಾಡ್ರಿ, ನಡುವ ಅರ್ಧ ಇಂಚು ಬಿಟ್ಟು ಥರ್ಮಾಕೋಲ್ ಇಡ್ರಿ. ಮನಿ ಒಂದ ಕಡೆ, ಮೆಟ್ಟಲಾ ಒಂದ ಕಡೆ ಅಲುಗಾಡ್ತಾವು, ಜೋಡ್ಸಿದ್ರ ಗ್ವಾಡಿ ಬಿರೀತೈತಿ.

ದೂರತೀರ (ಅಮೆರಿಕ)

ಯೂಟ್ಯೂಬಿನಲ್ಲಿ ಕಾಣುವ ಇಲ್ಲಿನ ಮೆಟ್ಟಿಲುಗಳು ನಿಮಗೆ ನೇರ ಹೊಂದುವುದಿಲ್ಲ. ಇಲ್ಲಿನ ತೋಟದ ಬ್ಲಾಕ್ ಹಿಂದೆ ಕಿರಿದಾಗಿಯೇ ಬರುತ್ತದೆ, ಕತ್ತರಿಸದೆ ಬಾಗುತ್ತದೆ. ನಾಲ್ಕು ಇಂಚು ಎತ್ತರದ ಬ್ಲಾಕಿನ ಮೇಲೆ 60 ಎಂಎಂ ಪೇವರ್ ಅಂಟಿಸಿದರೆ ಏರು 160 ಎಂಎಂ ಚಿಲ್ಲರೆ. ಅದನ್ನೇ ನೋಡಿ 6 ಇಂಚಿನ ಬ್ಲಾಕಿನ ಮೇಲೆ ಪೇವರ್ ಇಟ್ಟರೆ ಮೇಲೆ ಹೇಳಿದ 21 ಸೆಂ.ಮೀ. ಎಡವಟ್ಟು. ಇಲ್ಲಿಂದ ತೆಗೆದುಕೊಳ್ಳಬಹುದಾದ ಒಂದು ನಿಯಮ: ಮನೆಗಳ ಕೋಡ್ ಪ್ರಕಾರ ಒಂದೇ ಸಾಲಿನ ಮೆಟ್ಟಿಲುಗಳಲ್ಲಿ ಅತಿ ಎತ್ತರದ ಏರಿಗೂ ಅತಿ ತಗ್ಗಿನದಕ್ಕೂ ಮೂರೆಂಟಾಂಶ ಇಂಚು, ಅಂದರೆ 9.5 ಎಂಎಂ ಮೀರಿ ವ್ಯತ್ಯಾಸ ಇರಬಾರದು. ಕಾಲು ಎರಡನೇ ಮೆಟ್ಟಿಲಿಗೇ ಎತ್ತರ ಕಲಿತುಬಿಡುತ್ತದೆ, ಬದಲಾದಲ್ಲಿ ಮುಗ್ಗರಿಸುತ್ತದೆ. ಜಗಲಿ ಅಂಚಿನ ಆರನೇ ಏರಿನಲ್ಲೇ ಈ ತಪ್ಪು ಹೆಚ್ಚು. ಅಳತೆ ಮೇಲಿನಿಂದ ಕೆಳಕ್ಕೆ ಹಿಡಿದು ಬನ್ನಿ, ಹೆಚ್ಚುಕಡಿಮೆ ಏನಿದ್ದರೂ ಅಂಗಳದ ಮಣ್ಣಿನಲ್ಲಿ ಸರಿ ಮಾಡಿಕೊಳ್ಳಬಹುದು.

ಅಂಗಳದ_ಮೂಲೆ

ದಂಬೆಯವರಿಗೆ ಹೇಳಿಯಾಯಿತು. ಕರ್ಬ್ ವಿಚಾರಿಸುತ್ತೇನೆ. ಹಿಡಿಕೆಯ ಕಂಬವನ್ನು ಕೊನೆಗೆ ಕೊರೆದು ಕೂರಿಸಬಹುದಾ?

ರೀಪುಪಟ್ಟಿ

ಬೇಡ. 150 ದಪ್ಪದ ತುಂಡಿಗೆ ಎರಡಿಂಚಿನ ತೂತು ಕೊರೆದರೆ ಅಲ್ಲೇ ಸೀಳುತ್ತದೆ. ಅಡುಗೆಕೋಣೆ ಗೋಡೆ ಬದಿ, ಮೊದಲನೇ ಮತ್ತು ಐದನೇ ಸಾಲಿನ ಹಿಂದೆ, ಪೇವರ್ ಪಟ್ಟಿಯ ಜಾಗದಲ್ಲಿ ಒಂದಡಿ ಚೌಕ, ಒಂದೂವರೆ ಅಡಿ ಆಳದ ಕಾಂಕ್ರೀಟ್ ಗಟ್ಟಿ ಹಾಕಿ. ಅದರಲ್ಲಿ ಕಂಬ ಹಿಡಿಯುವಷ್ಟು ದೊಡ್ಡ ಪಿವಿಸಿ ತೋಳನ್ನು ಮೊದಲೇ ಇಡಿ. ಗಟ್ಟಿಯ ತಲೆಯೂ ಮೆಟ್ಟಿಲ ಮಟ್ಟದಿಂದ 90 ಎಂಎಂ ಕೆಳಗೇ ಇರಲಿ, ಪೇವರ್ ಅದರ ಮೇಲೆ ಹಾದುಹೋಗಬೇಕು. ತೋಳಿನ ಬಾಯಿಗೆ ಟೇಪ್ ಸುತ್ತಿಡಿ, ಇಲ್ಲದಿದ್ದರೆ ತುಂಬುವಾಗ ಜಲ್ಲಿ ಒಳಗೆ ಬಿದ್ದು ಹೊರಗೆ ಬಾರದು.